ಮೂರಕ್ಕೂ ಹಾಕಿಬಿಡಪ್ಪ

ಆ ಮನೆಯಲ್ಲಿ ಗೋಡೆ ಎದ್ದಿರಲಿಲ್ಲ, ಇಂಟರ್ನೆಟ್ಟು ಮಾತ್ರ ಮೂರು ಪಾಲಾಗಿತ್ತು. ಮಹಡಿಯ ಮೇಲೆ ಹಿರಿಮಗನ ಸಂಸಾರ. ಕೆಳಗೆ ಕಿರಿಮಗ, ಅವನ ಹೆಂಡತಿ, ತಾಯಿ. ರೂಟರ್ ಒಂದೇ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಿಣುಕುತ್ತಾ ಕೂತಿತ್ತು. ಆದರೆ ಮೇಲಿನವರ ಫೋನು, ಟಿವಿ, ಕಂಪ್ಯೂಟರಿಗೆ ಒಂದು ನೆಟ್‌ವರ್ಕ್, ಕೆಳಗಿನವರಿಗೆ ಇನ್ನೊಂದು, ಕ್ಯಾಮರಾಕ್ಕೆಂದೇ ಮೂರನೆಯದು. ಒಂದರಲ್ಲಿ ನಡೆಯುವುದು ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಯಾರ ತಂಟೆಗೂ ಯಾರೂ ಹೋಗಬಾರದೆಂದು ಹಿರಿಯವನೇ ಹಾಗೆ ಮಾಡಿಸಿದ್ದ.

ಕ್ಯಾಮರಾ ಬೇಕೆಂದವಳು ಕಿರಿಸೊಸೆ. ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಮಾತು ತೊದಲುತ್ತಿತ್ತು, ಹಟ ಮಾತ್ರ ಮೊದಲಿನಷ್ಟೇ ಗಟ್ಟಿ. ಗಂಡ ಬೆಳಿಗ್ಗೆಯೇ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಿದ್ದ. ಇವಳು ಶಿಶುವಿಹಾರದಲ್ಲಿ ಟೀಚರ್. "ಕೂಗಿದ್ರೆ ನಾನು ಬರ್ತೀನಿ ಬಿಡು" ಎಂದು ಮೇಲಿನ ವಾರಗಿತ್ತಿ ಹೇಳಿದ್ದಳು, ಆದರೆ ಅವಳ ಟಿವಿಯ ಸದ್ದಿಗೆ ಬೀದಿಯ ಹಾರನ್ನೇ ಕೇಳುತ್ತಿರಲಿಲ್ಲ. ಅದಕ್ಕೇ ಅತ್ತೆಯ ಕೋಣೆಯ ಬೀರುವಿನ ಮೇಲೆ ಒಂದು ಕ್ಯಾಮರಾ ಬಂತು. ಮಕ್ಕಳನ್ನು ಮಲಗಿಸಿದ ಹೊತ್ತಿನಲ್ಲಿ ಸೊಸೆ ಫೋನಿನಲ್ಲಿ ಕೋಣೆ ನೋಡುತ್ತಿದ್ದಳು. ಅತ್ತೆ ಕ್ಯಾಮರಾದ ಕಡೆ ತಿರುಗಿ ನಾಲಿಗೆ ಚಾಚಿ ಅಣಕಿಸುವುದೂ ಇತ್ತು.

ಭಾವ ಹಗಲಲ್ಲಿ ವಿಮಾ ಕಚೇರಿಯ ಮ್ಯಾನೇಜರು, ಸಂಜೆ ಕಂಪ್ಯೂಟರ್ ಆಟದಲ್ಲಿ ಟ್ಯಾಂಕ್ ಪಡೆಯ ಕರ್ನಲ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು "ಎಡಗಡೆಯಿಂದ ಸುತ್ತುವರೀರೋ!" ಎಂದು ಅವನು ಅರಚುವುದು ಕೆಳಗಿನವರಿಗೂ ಕೇಳುತ್ತಿತ್ತು. ಒಂದು ವಾರ ಅವನ ಪಡೆಯವರು ಅವನು ಶುರುಮಾಡಿದ ಯುದ್ಧಕ್ಕೆ ಸೇರಲಾಗದೆ ಹೊರಗೇ ಉಳಿದರು. ಹೊರಗಿನವರು ಒಳಬರುವ ಬಾಗಿಲು, ಅಂದರೆ ಪೋರ್ಟ್, ಮುಚ್ಚಿದೆ ಎಂದು ಆಟ ಹೇಳಿತು. ಕರ್ನಲ್ ಸಾಹೇಬರು ನೆಟ್‌ನವನನ್ನು ಕರೆಸಿದರು.

ನೆಟ್‌ನವನು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಲ್ಯಾಪ್‌ಟಾಪ್ ತೆರೆದ. ಕಿರಿಸೊಸೆ ಅವನಿಗೆ ಟೀ ತಂದಳು.

"ಸರ್, ಆಟೋಮ್ಯಾಟಿಕ್ ಹಾಕಿಬಿಡ್ತೀನಿ. ನಿಮ್ಮ ಗೇಮು ಬಾಗಿಲು ತೆಗಿ ಅಂದ್ರೆ ರೂಟರ್ ತಾನೇ ತೆಗೆಯುತ್ತೆ. ಮೇಲಿನ ನೆಟ್‌ವರ್ಕಿಗೆ ಮಾತ್ರ ಹಾಕ್ಲಾ, ಮೂರಕ್ಕೂ ಹಾಕ್ಲಾ?"

"ಮೂರಕ್ಕೂ ಹಾಕಿಬಿಡಪ್ಪ. ನಾಳೆ ಇನ್ನೊಂದು ನಿಂತುಹೋಯ್ತು ಅಂತ ನಿನ್ನ ಹಿಂದೆ ಅಲೆಯೋಕೆ ನನಗೆ ಪುರುಸೊತ್ತಿಲ್ಲ."

ಇದರಲ್ಲಿ ತನಗೆ ಸಂಬಂಧಿಸಿದ್ದೇನೂ ಅವಳಿಗೆ ಕಾಣಲಿಲ್ಲ. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಅವಳಿಗೆ ಜ್ವರ ಬಂತು. ರಜೆ ಹಾಕಿ ಮನೆಯಲ್ಲಿದ್ದಳು. ಅತ್ತೆ ಅಂದು ಮಾತ್ರೆ ನುಂಗಲೊಲ್ಲರು. ಕೊಟ್ಟಷ್ಟು ಸಲ ಉಗುಳಿದರು, ಕೊನೆಗೆ ನೀರಿನ ಲೋಟವನ್ನೇ ತಳ್ಳಿ ಅವಳ ಮೈಮೇಲೆ ಚೆಲ್ಲಿದರು. ಅವಳ ತಾಳ್ಮೆ ತಪ್ಪಿತು. ಅತ್ತೆಯ ಗದ್ದ ಹಿಡಿದು, ಬಾಯಿ ತೆರೆಸಿ ಮಾತ್ರೆ ಹಾಕಿ, "ಸಾಯಬೇಕಾ ನಿಮಗೆ? ಸಾಯಿರಿ ಹಾಗಾದ್ರೆ! ನನಗೂ ಬಿಡುವಾಗುತ್ತೆ!" ಎಂದು ಕಿರುಚಿದಳು. ಅತ್ತೆ ಮಾತ್ರೆ ನುಂಗಿದರು. ಸೊಸೆಯ ತೋಳಿಗೇ ಬಾಯಿ ಒರೆಸಿಕೊಂಡರು. ಆಮೇಲೆ ಅವಳ ಹಣೆ ಮುಟ್ಟಿ ನೋಡಿ, "ಸುಡ್ತಿದೀಯಲ್ಲೇ, ಹೋಗಿ ಮಲಗು" ಎಂದರು. ಅವಳು ಅಲ್ಲೇ, ಅತ್ತೆಯ ಮಂಚದ ತುದಿಯಲ್ಲಿ ಮುದುಡಿ ಮಲಗಿ ನಿದ್ದೆ ಹೋದಳು.

ಜನರ ಫೋನಿಗೆ ಬಂದ ವಿಡಿಯೋ "ಬಿಡುವಾಗುತ್ತೆ" ಎಂಬಲ್ಲಿಗೆ ಮುಗಿಯುತ್ತಿತ್ತು.

ಅದನ್ನು ತೋರಿಸಿದವಳು ಶಿಶುವಿಹಾರದ ಆಯಾ. "ಇದು ನೀವಾ ಟೀಚರ್?" ಎಂದು ಕೇಳುವಾಗ ಅವಳ ದನಿಯಲ್ಲಿ ಇಲ್ಲ ಅನ್ನಲಿ ಎಂಬ ಆಸೆಯಿತ್ತು. ಯಾರೋ ಅದಕ್ಕೆ 'ಸೊಸೆಯ ಸೇವೆ' ಎಂದು ಹೆಸರಿಟ್ಟಿದ್ದರು. ಕೆಳಗೆ ಜನ ಬರೆದದ್ದಕ್ಕೆ ಕೊನೆಯೇ ಇರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಒಬ್ಬ ನಕ್ಕಿದ್ದ. ಇವಳ ಕೈ ಮುರಿಯಬೇಕು ಎಂದು ಇನ್ನೊಬ್ಬಳು.

ಮುಖ್ಯಶಿಕ್ಷಕಿ ಕೂರಿಸಿ, ನೀರು ಕೊಟ್ಟು ಮಾತಾಡಿಸಿದರು. "ನೋಡಮ್ಮ, ನೀನು ಏನು ಅಂತ ನನಗೆ ಗೊತ್ತು. ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಕೈಲಾಗದ ಮುದುಕಿಗೇ ಹೀಗೆ ಮಾಡೋಳು ನಮ್ಮ ಮಗೂಗೆ ಇನ್ನೇನು ಮಾಡ್ತಾಳೋ ಅಂತಾರೆ. ಸ್ವಲ್ಪ ದಿನ ಬರಬೇಡ." ಸ್ವಲ್ಪ ದಿನ ಎಂದರೆ ಎಷ್ಟು ದಿನವೆಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ಬಂದವಳೇ ನೆಟ್‌ನವನಿಗೆ ಫೋನು ಮಾಡಿದಳು. ಅವನು ಸಂಜೆ ಬಂದ. ಭಾವ, ವಾರಗಿತ್ತಿ ಕೆಳಗಿಳಿದು ಬಂದರು. ಗಂಡ ಪ್ರೆಸ್ಸಿನ ಮಸಿಗೈಯಲ್ಲೇ ಬಾಗಿಲಿಗೆ ಒರಗಿ ನಿಂತ. ನೆಟ್‌ನವನು ರೂಟರ್ ಒಳಗೆಲ್ಲ ಹುಡುಕಿ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ. "ಕ್ಯಾಮರಾನೂ ಬಾಗಿಲು ತೆಗಿ ಅಂತ ಕೇಳಿದೆ ಮೇಡಂ. ಮೂರಕ್ಕೂ ಆಟೋಮ್ಯಾಟಿಕ್ ಇತ್ತಲ್ಲ, ರೂಟರ್ ತೆಗೆದುಬಿಟ್ಟಿದೆ. ಕ್ಯಾಮರಾ ಪಾಸ್‌ವರ್ಡೂ ಕಂಪನಿಯಿಂದ ಬಂದದ್ದೇ ಇದೆ. ಹೀಗೆ ತೆರೆದಿರೋದನ್ನ ಹುಡುಕಿಕೊಂಡೇ ಕೂತಿರ್ತಾರೆ ಕೆಲವರು. ಆದ್ರೆ ನಾನು ಸಾರ್‌ನ ಕೇಳೇ ಹಾಕಿದ್ದು."

"ನನಗೇನು ಗೊತ್ತಿತ್ತು? ನೀನು ಸರಿಯಾಗಿ ಹೇಳಬೇಕಿತ್ತು" ಎಂದ ಭಾವ.

"ಭಾವ, ನನ್ನ ಕೆಲಸ ಹೋಯ್ತು" ಎಂದಳು ಅವಳು. "ಹೊರಗಿನವರು ಹೀಗೆ ನುಗ್ಗಿ ಕದ್ದಿದ್ದು ಅಂತ ನೀವು ಬಂದು ಶಾಲೇಲಿ ಒಂದು ಮಾತು ಹೇಳಿ. ಅತ್ತೇನ ನಾನು ಹೇಗೆ ನೋಡ್ಕೊಂಡೆ ಅನ್ನೋದನ್ನೂ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

ಭಾವ ಮಿಣುಕುವ ರೂಟರಿನ ಕಡೆ ನೋಡಿದ. "ಬಾಗಿಲು ತೆರೆದಿತ್ತು ಅಂತಲೇ ಇಟ್ಕೊಳಮ್ಮ. ಒಳಗೆ ನಡೆದಿದ್ದು ನಡೆದಿದ್ದೇ ತಾನೆ? ನನ್ನ ಆಫೀಸಲ್ಲಿ ಎಲ್ಲರೂ ನೋಡಿದಾರೆ. ಏನಂತ ಹೇಳಲಿ?"

ಒಳಗಿನ ಕೋಣೆಯಿಂದ ಅತ್ತೆ ತೊದಲಿದರು: "ಹೊ... ಹೊಡೀಲಿಲ್ಲ ಕಣೋ ಅವಳು."

"ಹೆದರಿ ಹಾಗಂತಿದಾರೆ, ಪಾಪ" ಎಂದಳು ವಾರಗಿತ್ತಿ.

ಅವಳು ಗಂಡನ ಮುಖ ನೋಡಿದಳು. ಅವನು ಉಗುರಿನ ಸಂದಿಯ ಮಸಿಯನ್ನು ಕೆರೆಯುತ್ತಿದ್ದ. "ಅಣ್ಣ ಹೇಳೋದೂ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ನೆಟ್‌ನವನು ಕ್ಯಾಮರಾದ ಪೋರ್ಟ್ ಮುಚ್ಚಿ, ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುದಿನ ಅಣ್ಣತಮ್ಮಂದಿರು ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿಗೆ ಹೊತ್ತರು. ನಾಲ್ಕು ಜನ ಏನಂದುಕೊಳ್ಳುತ್ತಾರೆ, ಇನ್ನು ಅಮ್ಮ ನಮ್ಮ ಹತ್ತಿರವೇ ಇರಲಿ ಎಂದು ಭಾವ ತೀರ್ಮಾನಿಸಿದ್ದ. ಅತ್ತೆ ಕುರ್ಚಿಯ ಮೇಲಿಂದ ಕುತ್ತಿಗೆ ತಿರುಗಿಸಿ ತಿರುಗಿಸಿ ಸೊಸೆಯನ್ನು ನೋಡುತ್ತಿದ್ದರು. ಅವಳು ಅವರ ಕಂಬಳಿ ಮಡಚಿ ವಾರಗಿತ್ತಿಯ ಕೈಗೆ ಕೊಟ್ಟಳು.

ಆಮೇಲೆ ಮಹಡಿಯಿಂದ ಲೋಟ ಬೀಳುವ ಸದ್ದು ಕೇಳತೊಡಗಿತು. ವಾರಗಿತ್ತಿಯ ಕೂಗಾಟವೂ ಕೇಳುತ್ತಿತ್ತು. ಸಾಯಿ ಎಂಬ ಮಾತು ಒಂದು ಸಲವಲ್ಲ, ದಿನಾ ಬಂತು. ಅಲ್ಲಿ ಕ್ಯಾಮರಾ ಇರಲಿಲ್ಲ.

ಒಂದು ಮಧ್ಯಾಹ್ನ ವಾರಗಿತ್ತಿ ಕೆದರಿದ ಕೂದಲಲ್ಲಿ ಕೆಳಗೆ ಬಂದಳು. "ಎಲ್ಲಾ ಉಗುಳಿಬಿಡ್ತಾರೆ ಕಣೇ. ದಿಂಬಿನ ಕೆಳಗೆ ನೋಡಿದ್ರೆ ಮಾತ್ರೆಗಳ ರಾಶಿ. ನೀನು ಹೇಗೆ ನುಂಗಿಸ್ತಿದ್ದೆ?"

ನುಂಗಿಸುವ ಉಪಾಯ ಅವಳಿಗೆ ಗೊತ್ತಿತ್ತು. ಮಾತ್ರೆಯನ್ನು ಪುಡಿಮಾಡಿ ಬಾಳೆಹಣ್ಣಿನಲ್ಲಿ ಕಿವುಚಿ, ಮೊದಲ ತುತ್ತನ್ನು ತಾನು ತಿನ್ನುವಂತೆ ನಟಿಸಬೇಕು. ತನ್ನ ಪಾಲನ್ನು ಸೊಸೆ ತಿಂದುಬಿಟ್ಟಾಳೆಂದು ಅತ್ತೆ ಗಬಗಬ ತಿನ್ನುತ್ತಿದ್ದರು. ಜ್ವರದ ದಿನ ಹಣ್ಣು ತರಲು ಅವಳಿಗೆ ಕಾಲಲ್ಲಿ ಕಸುವಿರಲಿಲ್ಲ, ಅಷ್ಟೇ.

"ನೀವೇ ನೋಡಿದ್ರಲ್ಲ ಅಕ್ಕ" ಎಂದಳು. "ಊರೆಲ್ಲಾ ನೋಡ್ತು. ಹಾಗೇ ನುಂಗಿಸ್ತಿದ್ದೆ."

ವಾರಗಿತ್ತಿಯ ಮುಖ ಕಪ್ಪಿಟ್ಟಿತು. ಮೆಟ್ಟಿಲು ಹತ್ತಿದಳು. ಹಿಂದಿನಿಂದ ಕರೆಯಬೇಕೆಂದು ಇವಳ ಬಾಯಿಗೆ ಬಂದಿತ್ತು. ಕರೆಯಲಿಲ್ಲ. ನಾಳೆ ಹೇಳಿದರಾಯಿತು, ಇವತ್ತೊಂದು ದಿನ ಉರಿದುಕೊಳ್ಳಲಿ ಎಂದುಕೊಂಡಳು. ಮರುದಿನವೂ ಹೇಳಲಿಲ್ಲ.

ತಿಂಗಳೊಳಗೆ ಅತ್ತೆಗೆ ಎರಡನೇ ಸಲ ಲಕ್ವ ಹೊಡೆಯಿತು. ಜೀವ ಉಳಿಯಿತು, ಇದ್ದಷ್ಟು ಮಾತೂ ಹೋಯಿತು. ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋಗಿಲ್ಲ ಎಂದು ಡಾಕ್ಟರು ಗದರಿದರು. ಭಾವ ಹೆಂಡತಿಯನ್ನು ನೋಡಿದ, ಅವಳು ನೆಲ ನೋಡಿದಳು. ಕಿರಿಸೊಸೆ ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ವಲ್ಪ ದೂರ ನಿಂತಿದ್ದಳು. ಬಾಳೆಹಣ್ಣಿನ ವಿಷಯ ಗಂಡನಿಗೂ ಹೇಳಲಿಲ್ಲ, ಮುಂದೆಂದೂ ಯಾರಿಗೂ ಹೇಳಲಿಲ್ಲ.

ಆ ಮನೆಯಲ್ಲಿ ಇನ್ನು ಇರಲಾರೆ ಎಂದಳು. ಗಂಡ ಈ ಸಲ ಅಣ್ಣನನ್ನು ಕೇಳದೆ ಒಪ್ಪಿದ. ಬಸ್ ಡಿಪೋ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಅವಳಿಗೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಅಲ್ಲಿ ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ಅದು ಅವಳಿಗೆ ಹಿಡಿಸಿತು.

ಗಂಡ ಭಾನುವಾರಗಳಲ್ಲಿ ತಾಯಿಯನ್ನು ನೋಡಲು ಹೋಗುತ್ತಿದ್ದ. ಒಂದು ಭಾನುವಾರ ವಾಪಸು ಬಂದವನು ಶರಟು ಬಿಚ್ಚುತ್ತಾ, "ಪ್ರತಿ ಸಲಾನೂ ಅಮ್ಮ ನನ್ನನ್ನ ನೋಡಲ್ಲ. ನನ್ನ ಹಿಂದೆ ಇನ್ಯಾರಾದ್ರೂ ಬರ್ತಿದಾರಾ ಅಂತ ಬಾಗಿಲನ್ನೇ ನೋಡ್ತಿರ್ತಾಳೆ" ಎಂದ.

"ಹೌದಾ" ಎಂದು ಅವಳು ಅನ್ನ ಬಡಿಸಿದಳು.

ಮುಂದಿನ ಭಾನುವಾರವೂ ಅವನು ಒಬ್ಬನೇ ಹೋದ.