ಡಬ್ಬ ಹಿಡಿದ ಕೂಸು

ಗೋಡೆಯ ಮೇಲೆ ಸುಗ್ರಾ ನಗುತ್ತಿದ್ದಳು — ಇಲ್ಲ, ಸುಗ್ರಾ ಇಲ್ಲಿ ತನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಾಳೆ, ಬುರ್ಖಾದ ಮಡಿಕೆಯಲ್ಲಿ ಮುಖ ಹುದುಗಿಸಿ ಜೊಲ್ಲು ಸುರಿಸುತ್ತ, ಹಾಗಾದರೆ ಗೋಡೆಯ ಮೇಲಿರುವುದು ಯಾರು, ಹೊರಗಿನ ಬಿಸಿಲಿನಿಂದ ಒಳಬಂದ ಶಹರ್ಬಾನುವಿನ ಕಣ್ಣಿಗೆ ಮೊದಲು ಬರೀ ಕತ್ತಲೆ, ಆಮೇಲೆ ಒಲೆಯ ಹೊಗೆ, ಆಮೇಲೆ ಮೊಳೆಗೆ ತೂಗುಬಿದ್ದ ಎಪ್ಪತ್ತೆಂಟನೇ ಇಸವಿಯ ಕ್ಯಾಲೆಂಡರು, ಅದರಲ್ಲಿ ಎರಡೇ ಹಲ್ಲಿನ ಆ ನಗು, ಮಡಚಿಕೊಂಡ ಎಡಗಿವಿ, ಹುಟ್ಟುವಾಗಲೇ ಮಡಚಿದ್ದು, ಎಣ್ಣೆ ಹಚ್ಚಿ ಎಷ್ಟು ತೀಡಿದರೂ ನೆಟ್ಟಗಾಗಲಿಲ್ಲ, ಅಂಥ ಕಿವಿ ಇನ್ನೊಂದು ಮಗುವಿಗೆ ಇರುವುದುಂಟೆ, ಆದರೆ ಕೆನ್ನೆಯ ಮೇಲೆ ತಾನು ಇಟ್ಟಿದ್ದ ಕಾಡಿಗೆಯ ಬೊಟ್ಟು ಇಲ್ಲ, ಯಾರೋ ಅಳಿಸಿದ್ದಾರೆ, ದೃಷ್ಟಿ ತಾಗದಿರಲೆಂದು ತಾಯಿ ಇಟ್ಟ ಬೊಟ್ಟನ್ನು ಅವಳಿಗೊಂದು ಮಾತೂ ಹೇಳದೆ ಅಳಿಸಿ ಕಂಡಕಂಡವರ ಗೋಡೆಗೆ ನೇತುಹಾಕಿದ್ದಾರೆ, ಕೈಗೆ ಹಾಲಿನ ಪುಡಿಯ ಡಬ್ಬ ಕೊಟ್ಟು. ಬಾ ಬೂಬಮ್ಮ, ಕುಂತ್ಕೋ, ರವಿಕೆ ತಂದ್ಯಾ, ಏನು ಅಂಗೆ ಗರ ಬಡ್ದೋಳಂಗೆ ನಿಂತ್ಕಂಡೆ, ಎಂದು ಮುನಿಯಲ್ಲಮ್ಮ ಚಾಪೆ ಕೊಡವಿ ಹಾಸುತ್ತಾಳೆ, ಗೋಡೆಗೊರಗಿ ಕುಳಿತ ಅವಳ ಸೊಸೆ ಲಕ್ಕಮ್ಮನ ತೊಡೆಯ ಮೇಲೆ ಕೂಸು, ಬಾಯಿಗೆ ಬಾಟಲಿ, ಬಾಟಲಿಯಲ್ಲಿ ಅಕ್ಕಿ ತೊಳೆದ ನೀರಿನಂಥದು ಏನೋ.

ಹೋದ ವರ್ಷ ಆರ್.ಟಿ. ನಗರದ ಆ ಮಂಟಪ, ಶಾಮಿಯಾನ, ಮೈಕಿನಲ್ಲಿ ತಾಯಂದಿರೇ ತಾಯಂದಿರೇ ಎಂದು ಕೂಗುವ ದನಿ, ದುಂಡು ಮಕ್ಕಳ ಸ್ಪರ್ಧೆಯಂತೆ, ಹಾಲಿನ ಪುಡಿಯ ಕಂಪನಿಯವರು ನಡೆಸುವುದಂತೆ, ಗಂಡ ದಸ್ತಗೀರ್ ಸೈಕಲ್ ಶಾಪಿಗೆ ಬೀಗ ಹಾಕಿ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ, ಮಗುವನ್ನು ತಕ್ಕಡಿಯಲ್ಲಿ ತೂಗುವಾಗ ಇವಳಿಗೆ ತರಕಾರಿ ಅಂಗಡಿ ನೆನಪಾಗಿ ನಗು ಬಂದಿತ್ತು, ಕೋಟು ಹಾಕಿದವನೊಬ್ಬ ಏನಮ್ಮಾ, ಏನ್ ತಿನ್ನಿಸ್ತೀರ ಇವಳಿಗೆ ಎಂದ, ಇವಳು ಬಾಯಿ ತೆರೆಯುವಷ್ಟರಲ್ಲಿ ದಸ್ತಗೀರ್, ನನ್ನ ತಲೆ ತಿನ್ನಿಸ್ತಾಳೆ ಸಾರ್ ಎಂದುಬಿಟ್ಟ, ಎಲ್ಲರೂ ನಕ್ಕರು, ಉತ್ತರಕ್ಕೆ ಯಾರೂ ಕಾಯಲಿಲ್ಲ, ನನ್ನ ಹಾಲು ಸಾರ್, ಆಮೇಲೆ ಒಂದಿಷ್ಟು ರಾಗಿ ಸರಿ, ಅಷ್ಟೇ — ಆ ಮಾತು ಇನ್ನೂ ಗಂಟಲಲ್ಲೇ ಇದೆ. ಮೊದಲ ಬಹುಮಾನ, ಪ್ಲಾಸ್ಟಿಕ್ ಬಕೆಟ್ಟು. ಇದನ್ನ ಹಿಡ್ಕೊಳ್ಲಿ ತಾಯಿ, ಫೋಟೋಗೆ ಚೆಂದ ಕಾಣುತ್ತೆ ಎಂದು ಮಗುವಿನ ಕೈಗೆ ಡಬ್ಬ ಕೊಟ್ಟರು, ಸುಗ್ರಾ ಮುಚ್ಚಳ ಕಚ್ಚಿದಳು, ಫೋಟೋ ಆದ ಮೇಲೆ ಡಬ್ಬ ವಾಪಸು ಕಿತ್ತುಕೊಂಡಾಗ ಅತ್ತಳು, ಮಗು ಆ ಡಬ್ಬದಿಂದ ಕಂಡದ್ದು ಆ ಮುಚ್ಚಳದ ರುಚಿಯೊಂದೇ.

ಚೆಂದಾಗೈತಲ್ಲಕ್ಕಾ ಆ ಮಗಾ, ಎನ್ನುತ್ತಿದ್ದಾಳೆ ಲಕ್ಕಮ್ಮ, ಬಸುರಿ ಆದಾಗಿಂದ ಬೆಳಗ್ಗೆ ಎದ್ದು ಮದ್ಲು ಅದರ ಮುಖಾನೇ ನೋಡಿವ್ನಿ, ಮೆಡಿಕಲ್ ಶಾಪಿನೋರು ಕೊಟ್ಟಿದ್ದು, ಯಾವುದ ನೋಡ್ತೀವೋ ಅಂಗೇ ಉಟ್ಟತದಂತೆ. ಅಯ್ಯೋ ಅಲ್ಲಾ, ಬ್ಯಾಟರಾಯನಪುರದ ಈ ದ್ರಾಕ್ಷಿ ತೋಟದ ಅಂಚಿನ ಮನೆಯಲ್ಲಿ ಒಬ್ಬಳು ತಿಂಗಳುಗಟ್ಟಲೆ ನನ್ನ ಮಗಳ ಮುಖ ನೋಡುತ್ತ ಕೂತಿದ್ದಳು, ಮತ್ತು ಅವಳಿಗೆ ಹುಟ್ಟಿದ್ದು, ಈ ತೊಡೆಯ ಮೇಲಿನದು, ಕೈ ಅನ್ನುವುದು ಕೈಯಲ್ಲ, ತೊಗಲಿನೊಳಗೆ ಕಡ್ಡಿ, ನೆತ್ತಿ ಕುಳಿಬಿದ್ದಿದೆ, ಬೆರಳಿಟ್ಟರೆ ಒಳಗೇ ಹೋದೀತು. ಭೇದಿ ನಿಲ್ತಾನೇ ಇಲ್ಲ ಬೂಬಮ್ಮ, ಎಂದು ಮುನಿಯಲ್ಲಮ್ಮ, ಉಟ್ಟಿದಾಗ ಚೆನ್ನಾಗೇ ಇತ್ತು, ಯಾರ್ ಕಣ್ ಬಿತ್ತೋ. ಹಾಲು, ಎಂದು ಕೇಳಲು ಹೋಗಿ ಶಹರ್ಬಾನು ಚೀಲದಿಂದ ತಾನು ಹೊಲಿದ ರವಿಕೆ ತೆಗೆದಳು, ಕೈಗೆ ಗೊತ್ತಿರುವ ಕೆಲಸ, ನಾಮಕರಣದ ರವಿಕೆ ತೊಡಿಸಿ ನೋಡಬೇಕು, ಹಾಲೂಡುವ ತಾಯಿಗೆಂದು ಹೊಲಿಗೆಯೊಳಗೆ ಬಟ್ಟೆ ಮಡಚಿ ಬಿಟ್ಟಿದ್ದಾಳೆ, ಬಿಗಿಯಾದರೆ ಬಿಚ್ಚಿ ಸಡಿಲಿಸಲು, ಆದರೆ ಬಟ್ಟೆ ಎದೆಯ ಮೇಲೆ ಜೋಲಾಡುತ್ತಿದೆ, ಇದೇನು ಲಕ್ಕಮ್ಮಾ ಹಿಂಗಾಗಿದ್ದೀಯ ಎಂದು ಒಳಗಿನ ಬಟ್ಟೆ ಸರಿಸಿದರೆ ಘಮ್ ಎಂದಿತು, ಕೊಳೆತ ಮಲ್ಲಿಗೆ, ದಂಡೆ ದಂಡೆ ಮಲ್ಲಿಗೆ ಎರಡೂ ಮೊಲೆಗೆ ಒತ್ತಿ ಸೀರೆಯ ಚೂರಿನಿಂದ ಬಿಗಿದು ಕಟ್ಟಿದೆ. ಹಾಲು ಬತ್ತಲಿ ಅಂತ ಕಟ್ಟುವ ಮಲ್ಲಿಗೆ. ಮಗು ಸತ್ತ ತಾಯಿಗೆ ಕಟ್ಟುವ ಮಲ್ಲಿಗೆ. ನಜ್ಮುನ್ನೀಸಾ ಚಿಕ್ಕಮ್ಮನಿಗೆ ಕಟ್ಟಿದ್ದು ನೋಡಿದ್ದಳು — ಮಗು ಇಲ್ಲೇ ಇದೆಯಲ್ಲ, ಅಳುತ್ತಿದೆಯಲ್ಲ, ಯಾಕೆ ಕಟ್ಟಿದಿರಿ, ಎಂದು ಅವಳ ದನಿ ಅವಳಿಗೇ ಕಿರುಚಿದಂತೆ ಕೇಳಿತು.

ಏನ್ ಕಿರುಚ್ತೀಯೆ, ಎಂದಳು ಮುನಿಯಲ್ಲಮ್ಮ, ಎಲ್ಡು ಆಲು ಒಂದೊಟ್ಟೇಲಿ ಸೇರುದ್ರೆ ಒಡ್ದೋಗ್ತದೆ, ಇವಳ್ದಾ ಡಬ್ಬದ್ದಾ, ಒಂದೇ ಇರ್ಬೇಕು, ಇವಳ ಆಲು ನೀರಂಗಿತ್ತು, ಆ ಮಗಾ ನೋಡು ಡಬ್ಬದ್ ಕುಡ್ದು ಎಂಗೈತೆ, ಡಾಕುಟ್ರಿಗಿಂತ ಕಂಪನಿಯೋರಿಗೆ ಗೊತ್ತಿರಲ್ವಾ, ಡಬ್ಬ ಬಲು ದುಬಾರಿ ಕಣೆ, ಅದುಕ್ಕೆ ತೆಳ್ಳಗೆ ಕಲ್ಸ್ತೀವಿ. ಹೇಳಿಬಿಡಲೇ, ಹೇಳಿದರೆ ಏನಾದೀತು, ನಿನ್ನ ಮಗಳಿಂದ ನಮ್ಮ ಕೂಸು ಹೋಯಿತು ಅಂದರೆ, ಬಾಯಿಬಿಟ್ಟು ಶಾಪ ಹಾಕಿದರೆ, ಈಗಲೇ ಬೊಟ್ಟಿಲ್ಲದ ಆ ಕೆನ್ನೆಗೆ ಎಷ್ಟು ಕಣ್ಣು ಬಿದ್ದಿವೆಯೋ, ಸುಮ್ಮನೆ ರವಿಕೆ ಮಡಚಿಕೊಂಡು ಹೋಗಬಹುದು, ಹೆಬ್ಬಾಳದ ಬಸ್ಸು ಸಿಗುತ್ತದೆ — ಕೂಸು ಅತ್ತಿತು, ಅಳುವೂ ಅಲ್ಲ, ಬೆಕ್ಕಿನ ಮರಿಯ ದನಿ, ಅದಕ್ಕೇ ತನ್ನ ಎದೆಯಲ್ಲಿ ಹಾಲು ಜುಮ್ಮೆಂದು ಇಳಿಯುತ್ತಿದೆ, ಯಾರ ಮಗುವೆಂದು ಎದೆ ಕೇಳುವುದಿಲ್ಲ. ಆ ಮಗು ಡಬ್ಬದ ಹಾಲು ಕುಡಿದೇ ಇಲ್ಲ ಮುನಿಯಲ್ಲಮ್ಮೋರೇ, ಎಂದುಬಿಟ್ಟಳು, ಒಂದು ತೊಟ್ಟೂ ಇಲ್ಲ, ಅದು ನನ್ನ ಮಗಳು. ಮುನಿಯಲ್ಲಮ್ಮ ನಕ್ಕಳು, ಥೂ, ಬುಡ್ತು ಅನ್ನು, ಅದು ಬೊಂಬಾಯಿ ಮಗಾ ಕಣೆ, ನಿನ್ ಮಗಳಂತೆ, ನಾಳೆ ಗಾಂಧಿ ತಾತ ನಮ್ಮಪ್ಪ ಅಂತೀಯ.

ಮಾತಿನ ಗದ್ದಲಕ್ಕೆ ಸುಗ್ರಾ ಎದ್ದಳು, ಅಮ್ಮೀ ದೂದ್, ಎಂದು ಬುರ್ಖಾದ ಗುಂಡಿಗೆ ಕೈಹಾಕಿದಳು, ಬೇಡ ಬೇಟಾ, ಇಲ್ಲಿ ಬೇಡ, ಎನ್ನುವಷ್ಟರಲ್ಲಿ ಎಳೆದು ಬಾಯಿಟ್ಟಾಗಿತ್ತು, ಇದೇನೆ ಇಷ್ಟು ದೊಡ್ಡ ಕತ್ತೆಗೆ ಇನ್ನೂ ಮೊಲೆ — ಎಂದ ಮುನಿಯಲ್ಲಮ್ಮನ ಮಾತು ಅರ್ಧಕ್ಕೇ ನಿಂತಿತು, ಅವಳ ಕಣ್ಣು ಸುಗ್ರಾಳ ಮಡಚಿದ ಕಿವಿಯ ಮೇಲೆ, ಆಮೇಲೆ ಗೋಡೆಗೆ, ಮತ್ತೆ ಕಿವಿಗೆ. ಲಕ್ಕಮ್ಮ ಎದೆಗೆ ಕಟ್ಟಿದ ಬಟ್ಟೆಯನ್ನು ಕಿತ್ತಳು, ಗಂಟು ಬಿಚ್ಚಲಿಲ್ಲ, ಕಿತ್ತಳು, ಮಲ್ಲಿಗೆ ಉದುರಿತು, ಮೈಶಾಖಕ್ಕೆ ಬೆಂದು ಕಂದಿದ ಮಲ್ಲಿಗೆ, ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತಿದ್ದಾಳೆ, ಕೂಸನ್ನು ಎತ್ತಿ ಒತ್ತಿಕೊಂಡಳು, ಕುಡಿ, ಕುಡಿಯೋ ನಮ್ಮಪ್ಪಾ, ಅದು ಮುಖ ಆಚೆ ತಿರುಗಿಸಿತು, ರಬ್ಬರು ಹುಡುಕಿತು, ಲಕ್ಕಮ್ಮ ಮತ್ತೆ ತಿರುಗಿಸಿದಳು, ನಾನು ಕೊಡಲೇ ಎಂಬ ಮಾತು ಶಹರ್ಬಾನುವಿನ ನಾಲಿಗೆಯವರೆಗೆ ಬಂದಿದೆ, ಮುನಿಯಲ್ಲಮ್ಮ ಒಪ್ಪಿಯಾಳೇ, ಸಾಬರ ಹಾಲು, ಒಪ್ಪದಿದ್ದರೇನು, ಕೇಳಬೇಕು, ಈಗಲೇ ಕೇಳಬೇಕು, ಆದರೆ ಕಣ್ಣು ಅಲ್ಲಿಂದ ಏಳುತ್ತಿಲ್ಲ, ಕೂಸಿನ ತೆರೆದ ಬಾಯಿ, ಒಣಗಿದ ಕೆಳದುಟಿ, ಅದಕ್ಕೆ ಅಂಟಿಕೊಂಡ ಒಂದು ಎಸಳು, ಕಂದು ಎಸಳು, ಅದನ್ನೇ ಕೂಸು ಚೀಪುತ್ತಿದೆ, ಮಲ್ಲಿಗೆಯ ಎಸಳು, ಚೀಪುತ್ತಿದೆ, ಆ ಎಸಳು —