ಕೇಳದೆ ನಂಬಿದವಳು

ಶಿವಾಲ ಘಾಟಿನ ಮನೆಯ ಪಡಸಾಲೆಯಲ್ಲಿ ಪುರೋಹಿತ ಶೇಷಗಿರಿ, ಯಾತ್ರಿಕರು ಮಾಡಿಸುವ ಶ್ರಾದ್ಧಕ್ಕೆಂದು ದರ್ಭೆಯ ಪವಿತ್ರ ಹೆಣೆಯುತ್ತಿದ್ದ. ನಲ್ಲಿಯ ಹತ್ತಿರ ಬಾಯಿ ತೊಳೆದು ಬಂದ ಹೆಂಡತಿ ಲಕ್ಷ್ಮೀ ಕಂಬಕ್ಕೊರಗಿ ನಿಂತಳು.

“ಮತ್ತ ಬಸುರಾದೆ ಅನಸ್ತದ್ರಿ.”

ಅವನ ಕೈಯಲ್ಲಿದ್ದ ಗಂಟು ಬಿಚ್ಚಿಕೊಂಡಿತು. ಅದು ಆಗುವ ಮಾತೇ ಅಲ್ಲ. ಎರಡನೆಯ ಹೆರಿಗೆಯಲ್ಲಿ ಅವಳು ಸತ್ತು ಬದುಕಿದ್ದಳು. ಇನ್ನೊಂದನ್ನು ಆ ಮೈ ತಾಳುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದಳು. ಅದಕ್ಕೇ ಶೇಷಗಿರಿ ಕೆಂಪು ತ್ರಿಕೋನದ ಬೋರ್ಡಿದ್ದ ಆಸ್ಪತ್ರೆಗೆ ಗುಟ್ಟಾಗಿ ಹೋಗಿ ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡಿದ್ದ. ಕೊಯ್ಸಿಕೊಂಡ ಪುರೋಹಿತನೆಂದು ಗೊತ್ತಾದರೆ ಘಾಟಿನಲ್ಲಿ ಯಾರು ಪಿಂಡ ಹಾಕಿಸಿಯಾರು? ಹೆಂಡತಿಗೂ ಹೇಳಿರಲಿಲ್ಲ, ಗಂಡಸುತನಕ್ಕೆ ಕುಂದೆಂದು ಅಂಜಿದ್ದ. ಬಹುಕಾಲ ಬೇರೆ ಮಲಗಿದ್ದವಳ ಬಳಿ ಹೋಗಿ, “ಇನ್ನ ಏನೂ ಆಗೂದಿಲ್ಲ, ನಾ ಹೇಳ್ತೀನಿ” ಎಂದಿದ್ದ. ಹೇಗೆಂದು ಅವಳು ಕೇಳಿರಲಿಲ್ಲ.

ಗುಟ್ಟು ಗೊತ್ತಿದ್ದವನು ಗೆಳೆಯ ಅಮರಯ್ಯ ಒಬ್ಬನೇ. ಕನ್ನಡದವರ ಮಠದ ಉಗ್ರಾಣ ನೋಡಿಕೊಳ್ಳುವವನು, ಆಸ್ಪತ್ರೆಗೆ ಜೊತೆಗೆ ಬಂದವನು. ಶೇಷಗಿರಿ ಯಾತ್ರಿಕರನ್ನು ಗಯೆಗೆ ಕರೆದೊಯ್ದಾಗಲೂ ಅಮರಯ್ಯ ಹೊಳೆಯಾಚೆಯ ರಾಮನಗರದ ಬದನೆಕಾಯಿ ತಂದುಕೊಟ್ಟು, ಕಟ್ಟೆಯ ಮೇಲೆ ಕುಳಿತು ಲಕ್ಷ್ಮಿಯೊಡನೆ ಹರಟುತ್ತಿದ್ದ. ಕನ್ನಡ ಕಿವಿಗೆ ಬೀಳುವುದೇ ಅಪರೂಪವಾದ ಊರಿನಲ್ಲಿ ಆ ಹರಟೆ ಶೇಷಗಿರಿಗೂ ಹಿತವಾಗಿತ್ತು. ಈಗ ಅವರ ನಗು ನೆನಪಿನಲ್ಲಿ ಬೇರೆಯೇ ಆಗಿ ಕೇಳತೊಡಗಿತು. ಘಾಟಿನಲ್ಲಿ ಸಂಕಲ್ಪ ಹೇಳಿಸುವಾಗ ಯಾತ್ರಿಕನ ಗೋತ್ರ ತಪ್ಪಿತು. ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಅಮರಯ್ಯ ಚೀಲ ಹಿಡಿದು ಬಂದ. “ಏ ಭಟ್ಟ, ಮಾರಿ ಯಾಕ ಹರಳೆಣ್ಣಿ ಕುಡದಂಗ ಮಾಡೀದಿ?”

“ನಾ ಇಲ್ಲದಾಗ ನೀ ಬಂದು ಕೂಡೂದು ಸಾಕು. ಆಕಿ ಬಸುರಿ. ನನ್ನ ಸಂಗತಿ ನಿನಗ ಗೊತ್ತದ.”

ಅಮರಯ್ಯನ ನಗು ಆರಿತು. “ಮತ್ತ ಬಂದು ಪರೀಕ್ಷಾ ಮಾಡಿಸ್ಕೋ, ಅಲ್ಲೀತನಕ ಆಪರೇಶನ್ ನೆಚ್ಚಬ್ಯಾಡ ಅಂದಿದ್ರಲ್ಲ ಡಾಕ್ಟರು. ಹೋಗಿದ್ದೇನು?”

ಹೋಗಿರಲಿಲ್ಲ. ಮೊದಲು ಪಿತೃಪಕ್ಷದ ನೂಕುನುಗ್ಗಲು. ಆಮೇಲೆ ಯಾರಾದರೂ ನೋಡಿಯಾರೆಂಬ ನಾಚಿಕೆ.

“ಯಾವ ಡಾಕ್ಟರು?” ಲಕ್ಷ್ಮೀ ಬಾಗಿಲಲ್ಲಿ ನಿಂತಿದ್ದಳು.

ಶೇಷಗಿರಿ ತಲೆತಗ್ಗಿಸಿ ಆಪರೇಶನ್, ಅನುಮಾನ ಎಲ್ಲವನ್ನೂ ಹೇಳಿದ. ಅಮರಯ್ಯ ಚೀಲವಿಟ್ಟು ಮೆಟ್ಟಿಲಿಳಿದು ಹೋದ.

“ಈಗಲೇ ಹೋಗಿ ಪರೀಕ್ಷಾ ಮಾಡಿಸ್ತೀನಿ. ಖರೇ ಏನಂತ ಗೊತ್ತಾಗ್ತದ.”

“ಯಾರಿಗೆ? ನನಗಂತೂ ಗೊತ್ತದ.” ಅವಳ ದನಿ ಏರಲಿಲ್ಲ. “ಏನೂ ಆಗೂದಿಲ್ಲ ಅಂದ್ರಿ. ಜೀವದ ಮಾತಿತ್ತು, ಆದ್ರೂ ನಂಬಿ ಮಗ್ಗಲಿಗೆ ಬಂದೆ. ನಿಮಗ ನನ್ನ ನಂಬಲಿಕ್ಕೆ ಡಾಕ್ಟರು ಬೇಕು. ಹೋಗ್ರಿ. ಅವರು ಹೇಳಿದ್ದಕ್ಕ ನಂಬಿದ್ರ, ಆಮ್ಯಾಲೆ ನನ್ನ ಹಾಸಗೀ ಹತ್ರ ಬರಬ್ಯಾಡ್ರಿ.”

ಆಸ್ಪತ್ರೆಯಿದ್ದ ಲಂಕಾ ಬಡಾವಣೆಯ ಕಡೆಗೆ ರಿಕ್ಷಾ ಹತ್ತಿದ. ಅರ್ಧ ದಾರಿಯಲ್ಲಿ ಡಾಕ್ಟರಮ್ಮನ ಮಾತು ಎದೆಗೆ ಬಡಿಯಿತು: ಆ ಮೈ ತಾಳುವುದಿಲ್ಲ. ಹಗಲು ರಾತ್ರಿ ಕುದಿದವನಿಗೆ, ಅವಳು ಸಾಯಬಹುದೆಂಬುದು ಒಮ್ಮೆಯೂ ನೆನಪಾಗಿರಲಿಲ್ಲ.

“ಘುಮಾ ದೋ, ಭಯ್ಯಾ,” ಎಂದು ರಿಕ್ಷಾ ತಿರುಗಿಸಿದ.

ಮಠದ ಉಗ್ರಾಣದಲ್ಲಿ ಆಳುಗಳೆಲ್ಲ ನೋಡುತ್ತಿರುವಾಗಲೇ ಅಮರಯ್ಯನ ಮುಂದೆ ನಿಂತ. “ಆಕೀನ ಆಸ್ಪತ್ರೆಗೆ ಕರಕೊಂಡು ಹೋಗ್ತೀನಿ. ಮಕ್ಕಳ ಹತ್ರ ನೀ ಕೂಡಬೇಕು. ಕಟ್ಟೀ ಮ್ಯಾಲಲ್ಲ, ಮನೀ ಒಳಗ.”

“ನೀ ಅಂದದ್ದು ನಾ ಮರಿಯೂದಿಲ್ಲ, ಶೇಷ.”

“ಮರೀಬ್ಯಾಡ.”

ಅಮರಯ್ಯ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೊರಟ.

ಆಸ್ಪತ್ರೆಯ ಸಾಲಿನಲ್ಲಿ ಘಾಟಿನ ಪುರೋಹಿತ ಬದರೀನಾರಾಯಣ ನಿಂತಿದ್ದ. ಯಾರಿಗೆ ತೋರಿಸಬೇಕೆಂದು ಗುಮಾಸ್ತ ಹಿಂದಿಯಲ್ಲಿ ಕೇಳಿದ. ಶೇಷಗಿರಿ ಹಿಂದಿಯಲ್ಲೇ, ಸಾಲಿಗೆಲ್ಲ ಕೇಳುವಂತೆ ಹೇಳಿದ: “ಇವಳಿಗೆ. ಬಸುರಿ, ಜೀವಕ್ಕೆ ಅಪಾಯವಿದೆ. ನಸಬಂದಿ ನನಗಾಗಿತ್ತು, ಪರೀಕ್ಷೆಗೆ ಬಾರದೆ ಹೋದವನು ನಾನು. ತಪ್ಪು ನನ್ನದು.”

ಬದರೀನಾರಾಯಣ ತಿರುಗಿ ನೋಡಿದ. ಶೇಷಗಿರಿ ಮುಖ ಮರೆಸಲಿಲ್ಲ. ಹೆಂಡತಿ ಕೂತಿದ್ದ ಬೆಂಚಿನ ಹತ್ತಿರ ಬಂದು, ಕೂರಲೂ ಆಗದೆ ನಿಲ್ಲಲೂ ಆಗದೆ ಚಡಪಡಿಸಿದ.

ಲಕ್ಷ್ಮೀ ಅವನ ಕಡೆ ನೋಡದೆಯೇ ಎಂದಳು, “ಕೂಡ್ರಿ. ಸಾಲು ಉದ್ದ ಅದ.”