ಗಂಟೆ ಬಾರಿಸುವ ವರ್ಲಿನ್

ಮಿನೆಸೋಟಾದ ಹೌಗೆನ್ ಲೇಕ್ ಎಂಬ ಊರಿನ ಲೂಥರನ್ ಚರ್ಚಿನ ಗಂಟೆಯನ್ನು ವರ್ಲಿನ್ ಓಸ್‌ಗಾರ್ಡ್ ಬಹಳ ವರ್ಷ ಹಗ್ಗ ಜಗ್ಗಿ ಬಾರಿಸಿದವನು. ಕೊನೆಗೊಮ್ಮೆ ಬಲಭುಜ ಮುಷ್ಕರ ಹೂಡಿತು. ಬೇರೆ ಯಾರಾದರೂ ಆಗಿದ್ದರೆ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟು ಸುಮ್ಮನಾಗುತ್ತಿದ್ದರು. ಟೆಲಿಫೋನ್ ಕಂಬ ಹತ್ತಿ ಹತ್ತಿ ನಿವೃತ್ತನಾದ ವರ್ಲಿನ್ ಅಂಥ ಆಸಾಮಿಯಲ್ಲ. ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ತರಿಸಿದ, ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಹಾಕಿದ, ಒಂದು ಮೋಟಾರು, ಒಂದು ಸುತ್ತಿಗೆ ಜೋಡಿಸಿದ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ, ಮೂರು ಹೊತ್ತೂ ಒಂಬತ್ತೊಂಬತ್ತು ಏಟು. "ಬಾರಿಸೋದು ಯಂತ್ರ ಅಲ್ಲ, ನಾನೇ. ಕೈ ಮಾತ್ರ ಬೇರೆ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಆ ಬೇರೆ ಕೈ ಮೇ ತಿಂಗಳ ಮದುವೆಯೊಂದರಲ್ಲಿ ಕೈಕೊಟ್ಟಿತು. ಬೋರ್ಡಿನ ಮೆಮೊರಿ ಕಾರ್ಡ್ ಸವೆದುಹೋಗಿ, ಶುರುವಾದ ಗಂಟೆ ನಿಲ್ಲಲೇ ಇಲ್ಲ. ಮದುಮಗ ಪಾಪ, "ಒಪ್ಪಿಗೆ" ಎಂದು ಗಂಟಲು ಹರಿಯುವಂತೆ ಕಿರುಚಬೇಕಾಯಿತು.

ಚರ್ಚಿನ ಸಮಿತಿಯ ಅಧ್ಯಕ್ಷೆ ಆರ್ಡಿಸ್ ಕ್ವಾಮಿ ಮರುವಾರವೇ ಒಂದು ಕ್ಯಾಟಲಾಗ್ ಹಿಡಿದು ಬಂದಳು. ವರ್ಲಿನ್ ಜೊತೆ ಒಂದನೇ ಕ್ಲಾಸಿನಿಂದ ಓದಿದವಳು, ಸಲಿಗೆಗೆ ಕೊರತೆಯಿಲ್ಲ. "ನೋಡು, ಇದು ರೆಡಿಮೇಡ್ ಯಂತ್ರ. ಗೋಡೆಗೆ ಹೊಡೆದ್ರೆ ಮುಗೀತು. ನೀನು ಆರಾಮಾಗಿ ಮೀನು ಹಿಡ್ಕೊಂಡಿರು ಮಾರಾಯ. ಗುರುವಾರದ ಸಭೇಲಿ ತೀರ್ಮಾನ ಮಾಡ್ತೀವಿ."

ವರ್ಲಿನ್ ಆ ಕ್ಯಾಟಲಾಗನ್ನು ಮುಟ್ಟಲೂ ಇಲ್ಲ. ಆ ಗಂಟೆ ಹೋದರೆ ತಾನು ಕೆಫೆಯಲ್ಲಿ ಕಾಫಿ ಹೀರುವ ಹತ್ತು ಮುದುಕರ ಜೊತೆ ಹನ್ನೊಂದನೆಯವನು, ಅಷ್ಟೆ. ಅದು ಅವನಿಗೆ ಸುತರಾಂ ಬೇಡವಾಗಿತ್ತು.

ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಗೋಪುರ ಹತ್ತಿದ. ಹೊಸ ಬೋರ್ಡು, ಹೊಸ ಕಾರ್ಡು, ಹೊಸ ಲಿನಕ್ಸ್. ಹಳೆಯದರಲ್ಲಿದ್ದ ತನ್ನ ಗಂಟೆಯ ಪ್ರೋಗ್ರಾಮನ್ನು ಕೂದಲು ಕೊಂಕದಂತೆ ಇದಕ್ಕೆ ಸಾಗಿಸಿದ. ಹೊಸ ಬೋರ್ಡು ಕಣ್ಣು ಬಿಟ್ಟಕೂಡಲೇ ಪ್ರಶ್ನೆಗಳನ್ನು ಕೇಳುತ್ತದೆ: ಯಾವ ದೇಶ, ಯಾವ ಭಾಷೆ, ಯಾವ ಊರಿನ ಸಮಯ? "ಇದೇನು ವಲಸೆ ಕಚೇರಿಯಾ?" ಎಂದು ಗೊಣಗಿ ವರ್ಲಿನ್ ಎಲ್ಲವನ್ನೂ 'ಮುಂದೆ, ಮುಂದೆ' ಎಂದು ಒತ್ತಿಬಿಟ್ಟ. ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಬೋರ್ಡು, ಯಾರಾದರೂ ತಿದ್ದುವವರೆಗೂ ತಾನು ಲಂಡನ್ನಿನಲ್ಲೇ ಇದ್ದೇನೆಂದು ನಂಬಿಕೊಂಡಿರುತ್ತದೆ. ಲಂಡನ್ ಮಿನೆಸೋಟಾಕ್ಕಿಂತ ಆರು ತಾಸು ಮುಂದೆ.

ಆದ್ದರಿಂದ ಆದದ್ದಿಷ್ಟು. ಮಧ್ಯಾಹ್ನದ ಗಂಟೆ ಬೆಳಿಗ್ಗೆ ಆರಕ್ಕೆ ಬಾರಿಸಿತು, ಸಂಜೆಯ ಗಂಟೆ ನಡುಮಧ್ಯಾಹ್ನ ಬಾರಿಸಿತು. ಎರಡನ್ನೂ ಕೇಳಿ ವರ್ಲಿನ್ ಮೀಸೆ ತಿರುವಿದ. ಬೆಳಗಿನ ಗಂಟೆ ಮಾತ್ರ ಸರಿರಾತ್ರಿ ಹನ್ನೆರಡಕ್ಕೆ ಬಾರಿಸುತ್ತಿತ್ತು. ಆಗ ಅವನ ಮಂದ ಕಿವಿಗೆ ಹಾಕಿಕೊಳ್ಳುವ ಯಂತ್ರ ಹಾಸಿಗೆ ಪಕ್ಕದ ಮೇಜಿನ ಮೇಲಿರುತ್ತಿತ್ತು, ಅವನು ಗೊರಕೆ ಹೊಡೆಯುತ್ತಿದ್ದ. ಇನ್ನು ಸಂಜೆ ಆರಕ್ಕೆ ಅವನು ಲೇಕಿನ ನಡುವೆ ದೋಣಿಯಲ್ಲಿ ವಾಲೈ ಮೀನಿಗೆ ಗಾಳ ಹಾಕಿ ಕೂತಿರುತ್ತಿದ್ದ. ಹೋದ ವರ್ಷ ಒಂದು ಕಿವಿಯ ಯಂತ್ರ ನೀರುಪಾಲಾದ ಮೇಲೆ, ಅವನ್ನು ಗಾಡಿಯಲ್ಲೇ ಇಟ್ಟು ದೋಣಿ ಹತ್ತುವ ಅಭ್ಯಾಸ.

ಊರಿನವರು ಹೇಳಬಾರದಿತ್ತೇ ಎಂದರೆ, ನೀವು ಹೌಗೆನ್ ಲೇಕಿನವರನ್ನು ಕಂಡಿಲ್ಲ. ಅಲ್ಲಿಯವರು ತಮ್ಮ ಕಾಲು ತುಳಿದವನಿಗೇ "ಕ್ಷಮಿಸಿ" ಎನ್ನುವ ಜನ.

ಬುಧವಾರ ಕೆಫೆಯಲ್ಲಿ ವರ್ಲಿನ್, ಚರ್ಚಿನ ಪಕ್ಕದ ಮನೆಯ ಡೆಲ್ಮರನನ್ನು ಹಿಡಿದ. "ಏನಪ್ಪಾ, ಗಂಟೆ ಹೇಗಿದೆ?"

ಡೆಲ್ಮರನ ಕಣ್ಣು ಊದಿಕೊಂಡಿತ್ತು. "ಚೆನ್ನಾಗಿ ಕೇಳಿಸ್ತದೆ."

"ಎಲ್ಲಾ ಹೊತ್ತಿಗೂ?"

"ಒಂದೊಂದು ಹೊತ್ತಿಗೆ ಇನ್ನೂ ಚೆನ್ನಾಗಿ."

ಕಾಫಿ ಸುರಿಯುತ್ತಿದ್ದ ಹುಡುಗಿ, "ಒಂಥರಾ ಬೇರೆ ತರಹ ಇದೆ" ಎಂದಳು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಲ್ಲೇ ಹುಟ್ಟಿ ಬೆಳೆದ ವರ್ಲಿನ್‌ಗೆ ಅಷ್ಟೂ ತಿಳಿಯಬೇಡವೇ? ಖುಷಿ ನೆತ್ತಿಗೇರಿತ್ತು, ಹೊಗಳಿಕೆಯೆಂದೇ ತಿಳಿದು ಅವಳಿಗೆ ಜಾಸ್ತಿ ಟಿಪ್ಸ್ ಇಟ್ಟುಬಂದ.

ಗುರುವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ. ಮೇಜಿನ ಮೇಲೆ ಹಾಟ್‌ಡಿಶ್ ಎಂಬ ಬೇಯಿಸಿದ ತಿನಿಸು, ಕಾಫಿ, ಆರ್ಡಿಸಳ ಕ್ಯಾಟಲಾಗ್.

"ಗಂಟೆ ಬಗ್ಗೆ ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದಳು ಆರ್ಡಿಸ್.

ಎಲ್ಲರೂ ಕಾಫಿ ಲೋಟದೊಳಗೆ ಇಣುಕಿದರು. ಡೆಲ್ಮರ್ ಬಂದ ಆಕಳಿಕೆಯನ್ನು ಕೆಮ್ಮಾಗಿ ತಿರುಗಿಸಿದ.

ವರ್ಲಿನ್ ಎದೆಯುಬ್ಬಿಸಿ ಎದ್ದು ನಿಂತ. "ಮಾತು ಯಾಕೆ? ಆರಾಗೋಕೆ ಇನ್ನು ಒಂದೇ ನಿಮಿಷ. ನೀವೇ ಕೇಳಿ." ಬೆರಳೆತ್ತಿ ಸೂರಿನತ್ತ ನೋಡುತ್ತ ನಿಂತ.

ಆರಾಯಿತು. ಫ್ರಿಜ್ಜಿನ ಗುಯ್‌ಗುಡುವಿಕೆಯ ಹೊರತು ಒಂದು ಸದ್ದಿಲ್ಲ.

ವರ್ಲಿನ್ ಕಿವಿಯ ಯಂತ್ರವನ್ನು ತಟ್ಟಿ ನೋಡಿದ. "ಡೆಲ್ಮರ್, ನಿಂಗೆ ಕೇಳಿಸ್ತಾ?"

"ಇಲ್ಲ."

"ನಿನ್ನೆ ಸಂಜೆ?"

"ನಿನ್ನೇನೂ ಇಲ್ಲ." ಡೆಲ್ಮರ್ ಸಮಾಧಾನದ ದನಿಯಲ್ಲಿ ಸೇರಿಸಿದ, "ಆದ್ರೆ ಅದರ ಬದಲು ರಾತ್ರಿ ಹನ್ನೆರಡಕ್ಕೆ ಬಂತಲ್ಲ."

"ಹನ್ನೆರಡಕ್ಕಾ?" ವರ್ಲಿನ್ ಬೆರಳು ಮಡಚಿ ಲೆಕ್ಕ ಹಾಕಿದ. "ಲಂಡನ್! ಅಯ್ಯೋ, ಆ ಬೋರ್ಡು ಲಂಡನ್ನಲ್ಲೇ ಕೂತಿದೆ! ಮೂರು ರಾತ್ರಿ ಊರನ್ನೇ ಎಬ್ಬಿಸಿದ್ದೀನಿ, ಒಬ್ರಾದ್ರೂ ಹೇಳ್ಬಾರದಾ?"

"ನೀನು ತುಂಬಾ ಖುಷಿಯಾಗಿದ್ದೆ" ಎಂದಳು ಆರ್ಡಿಸ್, ಬೇರೆ ಕಡೆ ನೋಡುತ್ತ.

ಆ ಮಾತೇ ಅವನನ್ನು ಹೆಚ್ಚು ನೋಯಿಸಿತು. ನಾಚಿಕೆಯಿಂದ ಕುಗ್ಗಿ, ಕುರ್ಚಿಯ ಬೆನ್ನು ಹಿಡಿದು ಹೇಳಿದ: "ಅಧ್ಯಕ್ಷರೇ, ನಾನೇ ಸೂಚನೆ ಮಂಡಿಸ್ತೀನಿ. ಆ ರೆಡಿಮೇಡ್ ಯಂತ್ರ ತರಿಸಿಬಿಡಿ. ನನ್ನ ಕೈಲಿ ಇನ್ನಾಗಲ್ಲ."

"ಸೂಚನೆ ಬಂದಿದೆ. ಅನುಮೋದಿಸೋರು ಯಾರು?"

ಒಬ್ಬರು ಸಕ್ಕರೆ ಕದಡಿದರು, ಒಬ್ಬರು ಶೂ ಲೇಸು ಬಿಗಿದುಕೊಂಡರು. ಮೂರು ದಿನದಿಂದ ನಿದ್ದೆ ಕಾಣದ ಡೆಲ್ಮರ್ ಸೂರಿನ ಹಲಗೆಗಳನ್ನು ಎಣಿಸತೊಡಗಿದ.

ಆರ್ಡಿಸ್ ಇನ್ನೂ ಸ್ವಲ್ಪ ಕಾದಳು. "ಅನುಮೋದಕರಿಲ್ಲ. ಸೂಚನೆ ಬಿದ್ದುಹೋಯ್ತು." ಕ್ಯಾಟಲಾಗನ್ನು ಎತ್ತಿ ಬಿಸಿ ಹಾಟ್‌ಡಿಶ್ ಪಾತ್ರೆಯ ಅಡಿಗೆ ತಳ್ಳಿದಳು. "ಮುಂದಿನ ವಿಷಯ, ಪಾರ್ಕಿಂಗ್ ಜಾಗದ ಗುಂಡಿ."

ವರ್ಲಿನ್ ಗೋಪುರದ ಮೆಟ್ಟಿಲು ಹತ್ತಿಹೋದ. ಬೋರ್ಡಿಗೆ ಒಂದು ಸಾಲಿನ ಆಜ್ಞೆ ಕೊಟ್ಟು ಅದನ್ನು ಲಂಡನ್ನಿನಿಂದ ಊರಿಗೆ ಕರೆತಂದ. ಆಮೇಲೆ ಹಳೆಯ ಹಗ್ಗ ಬಿಚ್ಚಿ ಎಡಗೈಯಲ್ಲಿ ಹಿಡಿದ. ಹಿಂದೆಯೇ ಹತ್ತಿಬಂದ ಡೆಲ್ಮರ್ ಹಗ್ಗಕ್ಕೆ ಇನ್ನೊಂದು ಕೈ ಹಾಕಿದ.

ಸಂಜೆ ಆರರ ಗಂಟೆ ಆ ದಿನ ಆರೂ ಇಪ್ಪತ್ತಕ್ಕೆ ಬಾರಿಸಿತು. ಅದರ ಬಗ್ಗೆಯೂ ಹೌಗೆನ್ ಲೇಕಿನಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.